ಎಮ್ಮೆಯ ಕಪ್ಪು

ಛಾಯಾಗ್ರಾಹಕಿ ಇಂದುಮತಿ ಸಂಜೆಯ ಗುಡ್ಡವನ್ನು ಕಡಿಮೆ ಬೆಳಕಿಗೂ ಹೆಚ್ಚು ಬೆಳಕಿಗೂ ಹೊಂದಿಸಿ ತೆಗೆದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಬೆಸೆದು ಒಂದೇ ಚಿತ್ರ ಮಾಡಿದಳು. ಅದನ್ನು ಇನ್ನಷ್ಟು ಚೆಂದಗೊಳಿಸಲು ಪರದೆಯ ಮೇಲಿನ ತಿದ್ದುವ ಕುಂಚವನ್ನು ಆರಿಸಿಕೊಂಡಳು. ಕುಂಚ ಮೋಡಗಳನ್ನು ಹೊಳೆಯಿಸಿತು, ಹುಲ್ಲಿಗೆ ಹಸಿರು ಬಳಿಯಿತು, ಕೊನೆಗೆ ಇಳಿಜಾರಿನಲ್ಲಿ ನಿಂತಿದ್ದ ಎಮ್ಮೆಯ ಬಳಿಗೆ ಬಂತು.

"ಇಡೀ ಗುಡ್ಡ ಬೆಳಗುತ್ತಿದೆ, ನೀನೊಂದೇ ಕತ್ತಲಾಗಿದ್ದೀಯೆ. ನಿನ್ನನ್ನೂ ಬೆಳಗಿಸುತ್ತೇನೆ" ಎಂದಿತು ಕುಂಚ.

"ನನ್ನ ಕಪ್ಪು ಕೊಳೆಯಲ್ಲ, ನೀನು ತೊಳೆಯುವುದಕ್ಕೆ. ದೂರ ಸರಿ" ಎಂದಿತು ಎಮ್ಮೆ.

"ಮೋಡವಾಗಲಿ ಹುಲ್ಲಾಗಲಿ ಬೇಡವೆನ್ನಲಿಲ್ಲ."

"ನಾನು ಬೇಡವೆನ್ನುತ್ತೇನೆ."

ಕುಂಚ ಕೇಳದೆ ಉಜ್ಜಿತು. ಎಮ್ಮೆಯ ಮೈ ಬೂದಿಯ ಬಣ್ಣಕ್ಕೆ ತಿರುಗಿತು, ಸುತ್ತ ಬಿಳಿಯ ಅಂಚು ಮೂಡಿತು. ಎಮ್ಮೆ ಬಾಲವನ್ನೂ ಅಲ್ಲಾಡಿಸಲಿಲ್ಲ. "ಇನ್ನೂ ಉಜ್ಜು. ನಿನ್ನ ಯಜಮಾನಿಯೂ ನೋಡಲಿ" ಎಂದಿತು.

ಇಂದುಮತಿ ಕುರ್ಚಿಯನ್ನು ಹಿಂದೆ ಸರಿಸಿ ನೋಡಿದಳು. "ಅಯ್ಯೋ, ಎಮ್ಮೆ ಹೋಗಿ ಬಂಡೆಯಾಯಿತಲ್ಲ! ಗುಡ್ಡವೂ ಚಪ್ಪಟೆಯಾಗಿದೆ" ಎಂದು ಕುಂಚದ ಕೆಲಸವನ್ನೆಲ್ಲ ಅಳಿಸಿದಳು. ಕಪ್ಪು ಮರಳಿದ ಕೂಡಲೇ ಎಮ್ಮೆಯ ಬೆನ್ನಿನುದ್ದಕ್ಕೂ ಇಳಿಬಿಸಿಲಿನ ತೆಳುವಾದ ಗೆರೆಯೊಂದು ಹೊಳೆಯಿತು.

"ಈ ಹೊನ್ನಿನ ಗೆರೆಯನ್ನು ಎಲ್ಲಿ ಅಡಗಿಸಿಟ್ಟಿದ್ದೆ?" ಎಂದು ಕುಂಚ ಬೆರಗಾಗಿ ಕೇಳಿತು.

"ಇದು ಮೊದಲಿನಿಂದಲೂ ಇಲ್ಲೇ ಇತ್ತು. ಉಜ್ಜುವ ಅವಸರದಲ್ಲಿ ನೀನು ನೋಡಲಿಲ್ಲ" ಎಂದಿತು ಎಮ್ಮೆ.