ತರಗೆಲೆ ಎತ್ತಿ ನೋಡಿದ ಮೊಲ

ಮಕ್ಕಳೇ, ಒಂದು ಕುರುಚಲು ಕಾಡಿನ ಅಂಚಿನಲ್ಲಿ, ಹಳೆಯ ಹುತ್ತದ ಬುಡದಲ್ಲಿದ್ದ ಬಿಲದೊಳಗೆ ಕೆಂಚಿ ಎಂಬ ಮೊಲ ತನ್ನ ಮರಿಗಳೊಂದಿಗೆ ವಾಸವಾಗಿದ್ದಳು. ಬಿಲದ ಮುಂದೆ ಅವಳಿಗೊಂದು ಪುಟ್ಟ ಅಂಗಳ. ಮರಿಗಳು ಬಿಸಿಲು ಕಾಯಿಸುತ್ತಿದ್ದುದು, ಕುಪ್ಪಳಿಸಲು ಕಲಿಯುತ್ತಿದ್ದುದು ಅಲ್ಲೇ.

ಆ ವರ್ಷ ಮಳೆ ನಿಂತ ಮೇಲೆ ಅಂಗಳದ ತುಂಬ ಕಾಂಗ್ರೆಸ್ ಹುಲ್ಲು ಎದ್ದಿತು. ಹೆಸರಿನಲ್ಲಿ ಹುಲ್ಲು ಅಂತಿದ್ದರೂ ಅದು ಹುಲ್ಲಲ್ಲ. ಬಿಳಿ ಹೂ ಬಿಡುವ ಕಹಿ ಗಿಡ, ಮೊಲಗಳು ತಿನ್ನುವುದಿಲ್ಲ. ಯಾರೂ ನೆಡದಿದ್ದರೂ ಬೆಳೆದು ಜಾಗವನ್ನೆಲ್ಲ ಆಕ್ರಮಿಸುವ ಇಂಥ ಗಿಡಗಳನ್ನು ಕಳೆ ಎನ್ನುತ್ತಾರೆ. ಈ ಕಳೆ ಕೆಂಚಿಯ ಕಿವಿಗಿಂತ ಎತ್ತರವಾಗಿತ್ತು. ಅದರ ಮರೆಯಲ್ಲಿ ನರಿ ಬಂದು ಕೂತರೂ ಕಾಣುವಂತಿರಲಿಲ್ಲ. ಪಕ್ಕದ ಪೊದೆಯ ಗೌಜುಗ ಹಕ್ಕಿಯ ಮರಿಯೊಂದು ಹಾಗೆಯೇ ಹೋಗಿತ್ತು. ಹೋಗಿತ್ತು ಎಂದರೆ, ನರಿಯ ಹೊಟ್ಟೆ ಸೇರಿತ್ತು.

ಹೊಲದ ಕಡೆ ಓಡಾಡುವ ಹೆಗ್ಗಣ ದಪ್ಪಣ್ಣ ಒಂದು ಉಪಾಯ ಹೇಳಿದ. ಬದುವಿನ ಮೇಲೆ ಯಾರೋ ಕಳೆಗೆ ಹೊಡೆಯುವ ಔಷಧಿಯ ಡಬ್ಬ ಬಿಟ್ಟುಹೋಗಿದ್ದಾರಂತೆ, ತಳದಲ್ಲಿ ಇನ್ನೂ ಸ್ವಲ್ಪ ಇದೆಯಂತೆ, ಉರುಳಿಸಿಕೊಂಡು ತಂದುಕೊಡುತ್ತಾನಂತೆ.

"ಬೇಡ ದಪ್ಪಣ್ಣ," ಎಂದಳು ಕೆಂಚಿ. "ನನ್ನ ಮಕ್ಕಳು ಹಸಿರು ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತವೆ. ಗಿಡವನ್ನು ಕೊಲ್ಲುವುದು ಅವನ್ನು ಬಿಡುತ್ತದೆಯೇ?"

"ಹಾಗಾದರೆ ನರಿಗೆ ಊಟದ ಎಲೆ ಹಾಕಿ ಕಾಯ್ತಾ ಕೂತಿರು," ಎಂದು ಹೆಗ್ಗಣ ಮೂತಿ ತಿರುಗಿಸಿ ಹೋದ.

ಆಮೇಲೆ ಅವಳು ಮುಳ್ಳುಹಂದಿ ಸೂಜಮ್ಮನನ್ನು ಕೇಳಿದಳು. ಗಿಡಗಳನ್ನು ಬುಡಕ್ಕೆ ಕಡಿದು, ಮೇಲೆ ಒಣ ಎಲೆಗಳನ್ನು ಮಂದವಾಗಿ ಹಾಸಿಬಿಡಲು ಸೂಜಮ್ಮ ಹೇಳಿದಳು. ಬಿಸಿಲು ಸಿಗದ ಬುಡ ಚಿಗುರಲಾರದೆ ಅಲ್ಲೇ ಕೊಳೆಯುತ್ತದೆ, ಅಷ್ಟೇ.

"ಹಾಸಿದ ಮೇಲೆ ಮಾತ್ರ ಎತ್ತಿ ನೋಡಬೇಡ ಕಣೇ," ಎಂದಳು ಸೂಜಮ್ಮ. "ನಿನ್ನ ಜೊತೆ ಬಿಸಿಲೂ ಇಣುಕುತ್ತದೆ."

ಕೆಂಚಿ ಹಲ್ಲು ಕಹಿಯಾಗುವಂತೆ ಕಳೆ ಕಡಿದಳು. ತೇಗದ ಒಣ ಎಲೆಗಳನ್ನು ಕಚ್ಚಿ ತಂದು ಅಂಗಳಕ್ಕೆಲ್ಲ ಹಾಸಿದಳು. ಆದರೆ ಅವಳಲ್ಲೊಂದು ದೋಷವಿತ್ತು: ಕಣ್ಣಿಗೆ ಕಾಣದ್ದನ್ನು ನಂಬಲು ಅವಳಿಂದ ಆಗುತ್ತಿರಲಿಲ್ಲ. ಮರುದಿನವೇ ಬಿಲದ ಬಾಯಿಯ ಹತ್ತಿರ ಎಲೆ ಸರಿಸಿ ನೋಡಿದಳು. ಬುಡಗಳು ಇನ್ನೂ ಹಸಿರಾಗಿದ್ದವು. ಗಾಬರಿಯಾಯಿತು. ಅದರಾಚೆ ಸರಿಸಿದಳು, ಅಲ್ಲೂ ಹಸಿರು. ಬಿಸಿಲು ಬಿದ್ದ ಕಡೆ ಚಿಗುರು ಮೂಡಿತು. ಚಿಗುರು ಕಂಡು ಭಯ ಹೆಚ್ಚಿತು, ಭಯದಿಂದ ಇನ್ನಷ್ಟು ಎಲೆ ಸರಿಸಿದಳು. ಸೂಜಮ್ಮ ವಿಚಾರಿಸಿದಾಗ, "ಏನೂ ಮಾಡಿಲ್ಲ ಅಕ್ಕ, ಬರೀ ನೋಡಿದೆ," ಎಂದಳು.

ಹೀಗೆ ನೋಡಿ ನೋಡಿ ಬಿಲದ ಬಾಯಿಂದ ಪೊದೆಯವರೆಗೆ ಎಲೆಯಿಲ್ಲದ ಒಂದು ಪಟ್ಟಿ ಬಿತ್ತು. ಕೆಂಚಿಗೆ ಕಂಡದ್ದು ಚಿಗುರುಗಳು ಮಾತ್ರ. ಅದೊಂದು ದಾರಿಯಾಗಿದೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಒಂದು ಸಂಜೆ ಅವಳು ಸ್ವಲ್ಪ ದೂರದಲ್ಲಿ ಗರಿಕೆ ಮೇಯುತ್ತಿದ್ದಳು. ಕಿವಿ ನಿಮಿರಿಸಿಯೇ ಇದ್ದಳು. ಒಂದು ಸದ್ದೂ ಇರಲಿಲ್ಲ. ಸುಮ್ಮನೆ ತಿರುಗಿ ನೋಡಿದರೆ, ಅಂಗಳದ ನಡುವೆ ನರಿ.

ಅದು ಬರಿ ಮಣ್ಣಿನ ಪಟ್ಟಿಯ ಮೇಲೆ ಒಂದೊಂದೇ ಕಾಲಿಡುತ್ತಿತ್ತು. ಬಿಲದ ಬಾಯಲ್ಲಿ ಕಿರಿಯ ಮರಿ ಬೆನ್ನು ಮಾಡಿ ಕೂತು ಕಡ್ಡಿ ಕಡಿಯುತ್ತಿತ್ತು. ಕೆಂಚಿ ಬಿಲದತ್ತ ಓಡತೊಡಗಿದಳು.

ನರಿ ನೆಗೆಯಲು ಮೈ ಕುಗ್ಗಿಸಿತು. ಆಗ ಅದರ ಹಿಂಗಾಲು ಪಟ್ಟಿಯಿಂದಾಚೆ ಜಾರಿ ಒಣ ಎಲೆಯ ಮೇಲೆ ಬಿತ್ತು. ಚರಕ್! ಮರಿ ಬೆಚ್ಚಿ ಒಳಗೆ ಹಾರಿತು. ನರಿಯ ಹಲ್ಲಿಗೆ ಸಿಕ್ಕಿದ್ದು ಕಿವಿಯ ತುದಿ ಮಾತ್ರ.

ಓಡುವ ತಾಯಿಮೊಲವನ್ನು ಹಿಡಿಯಲಾಗದೆಂದು ನರಿಗೆ ಗೊತ್ತಿತ್ತು. ಬಾಯಿ ಒರೆಸಿಕೊಂಡು, "ದಾರಿ ಹೀಗೇ ಗುಡಿಸಿಟ್ಟಿರು ತಂಗಿ," ಎಂದಿತು. "ಮತ್ತೆ ಬರ್ತೀನಿ."

ಆ ಮಾತು ಕೇಳಿದ ಮೇಲೆಯೇ ಕೆಂಚಿಗೆ ಎಲ್ಲ ಅರ್ಥವಾದದ್ದು. ಅವಳು ಹಾಸಿದ ಎಲೆಗಳು ಕಳೆಯನ್ನು ಅಡಗಿಸುವುದರ ಜೊತೆಗೆ ಅಂಗಳವನ್ನೂ ಕಾಯುತ್ತಿದ್ದವು. ನರಿಗೆ ದಾರಿ ಮಾಡಿಕೊಟ್ಟವಳು ಅವಳೇ. ಮರಿಯ ಕಿವಿ ನೆಕ್ಕಿ ರಕ್ತ ನಿಲ್ಲಿಸಿ, ಕತ್ತಲಾಗುವ ಮೊದಲೇ ಪಟ್ಟಿಯ ಮೇಲೆಲ್ಲ ಎಲೆ ಎಳೆದು ಮುಚ್ಚಿದಳು.

ಆಮೇಲಿನ ದಿನಗಳಲ್ಲಿ ಎತ್ತಿ ನೋಡಲು ಅವಳ ಕೈ ತುರಿಸುತ್ತಿತ್ತು. ಆದರೂ ಮುಟ್ಟಲಿಲ್ಲ. ಎಲೆಗಳ ನಡುವಿನಿಂದ ಒಂದು ಚಿಗುರೂ ಮೇಲೆ ಬರಲಿಲ್ಲ. ನರಿ ಹೇಳಿದಂತೆಯೇ ಮತ್ತೆ ಬಂತು. ಮೊದಲ ಹೆಜ್ಜೆಗೇ ಅಂಗಳ ಚರಚರ ಎಂದಿತು, ಎಲ್ಲರೂ ಒಳಗಾದರು. ನರಿ ಒಂದು ಕಾಲೆತ್ತಿ, ಎಲ್ಲಿಡುವುದೆಂದು ತಿಳಿಯದೆ ನಿಂತು, ಕೊನೆಗೆ ಬಂದ ದಾರಿ ಹಿಡಿಯಿತು.

ಮರುದಿನ ಕಿವಿ ಹರಿದ ಮರಿ ಒಂದು ಎಲೆಯ ಅಂಚಿಗೆ ಪಂಜ ಹಾಕಿ ಕೇಳಿತು: "ಅಮ್ಮಾ, ಕೆಳಗೆ ಏನಾಗಿದೆ ನೋಡಲೇ?"

ಕೆಂಚಿ ಆ ಎಲೆಯ ಮೇಲೆ ಮೆಲ್ಲಗೆ ತನ್ನ ಕಾಲಿಟ್ಟಳು. "ಇರಲಿ ಬಿಡು ಮಗಾ," ಎಂದಳು.

ನೀತಿ: ಒಳ್ಳೆಯ ಕೆಲಸ ಮಾಡಿದ ಮೇಲೆ ಅದು ಫಲ ಕೊಡುವವರೆಗೆ ಕಾಯಬೇಕು, ಅವಸರಪಟ್ಟು ಕೆದಕುವವರು ತಮ್ಮ ಕೆಲಸವನ್ನು ತಾವೇ ಕೆಡಿಸಿಕೊಳ್ಳುತ್ತಾರೆ.