ಖಾಲಿ ಪೆನ್ನು ಎಳೆದ ಗೆರೆ

ಅಂಬುಜಾಕ್ಷಿ ದಪ್ಪ ಕಾಗದದಲ್ಲಿ ನಾಲ್ಕು ಅಡಿ ಉದ್ದದ ಅಂತರಿಕ್ಷ ನೌಕೆ ಕಟ್ಟುತ್ತಿದ್ದಳು. ಪ್ರತಿ ತುಂಡನ್ನು ಮಡಿಸುವ ಮೊದಲು ಸ್ಕೇಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆಯುತ್ತಿದ್ದಳು. ಆ ಗೆರೆಯ ಮೇಲೆ ಕಾಗದ ನೇರವಾಗಿ ಮಡಿಯುತ್ತಿತ್ತು.

ತುಂಡುಗಳ ಹಿಂಬದಿಗೆ ನಂಬರು ಬರೆಯಲು ಇಟ್ಟಿದ್ದ ಹೊಸ ಪೆನ್ನಿಗೆ ತಡೆಯಲಾಗಲಿಲ್ಲ. “ನಿನ್ನ ಹೊಟ್ಟೆಯಲ್ಲಿ ಒಂದು ತೊಟ್ಟು ಶಾಯಿಯಿಲ್ಲ. ಮುನ್ನೂರು ತುಂಡಿಗೆ ಗೆರೆ ಎಳೆದೆಯಲ್ಲ, ಒಂದಾದರೂ ಕಣ್ಣಿಗೆ ಬೀಳುತ್ತದೆಯೇ?”

“ಬೀಳಬಾರದು. ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದಾಳೆ,” ಎಂದಿತು ಖಾಲಿ ಪೆನ್ನು.

“ನೌಕೆಯ ಮೂತಿಯೊಂದು ಬಾಕಿಯಿದೆ. ಅದಕ್ಕೆ ನಾನೇ ಗೆರೆ ಎಳೆಯುತ್ತೇನೆ. ಕೆಲಸ ಅಂದರೆ ಏನೆಂದು ಎಲ್ಲರೂ ನೋಡಲಿ!”

ಹಾಗೆಂದು ಅದು ಉರುಳಿಹೋಗಿ ಅವಳ ಬೆರಳಿಗೆ ಸಿಕ್ಕಿತು. ಅವಳು ನೋಡದೆ ಎಳೆದುಬಿಟ್ಟಳು. ಅಚ್ಚಬಿಳಿ ಮೂತಿಯ ನಡುವೆ ನೀಲಿ ಗೆರೆ ಎದ್ದು ಕಂಡಿತು. ಪೆನ್ನು ಬಯಸಿದಂತೆಯೇ, ಇನ್ನೇನೂ ಕಾಣದ ಹಾಗೆ.

ಅಂಬುಜಾಕ್ಷಿ ತುಟಿ ಕಚ್ಚಿ ಅದನ್ನು ಮುದುಡಿ ಎಸೆದಳು. ಉಳಿದಿದ್ದ ಒಂದೇ ಹಾಳೆಯಲ್ಲಿ ಮೂತಿಯನ್ನು ಮತ್ತೆ ಕತ್ತರಿಸಿ, ಈ ಸಲ ನೋಡಿಕೊಂಡೇ ಖಾಲಿ ಪೆನ್ನನ್ನು ಹಿಡಿದಳು. ಮೂತಿ ಚೂಪಾಗಿ ಮಡಿದು ನೌಕೆಗೆ ಸರಿಯಾಗಿ ಕೂತಿತು.

ಹೊಸ ಪೆನ್ನು ಮೆಲ್ಲಗೆ ಕೇಳಿತು: “ನನಗೆ ಈ ಕೆಲಸ ಯಾವತ್ತೂ ಸಿಗುವುದಿಲ್ಲವೇ?”

“ಯಾಕಿಲ್ಲ? ನಾನೂ ನಿನ್ನ ಹಾಗೆ ತುಂಬಿಕೊಂಡೇ ಬಂದಿದ್ದೆ,” ಎಂದಿತು ಖಾಲಿ ಪೆನ್ನು. “ಮೊದಲು ಬರೆದು ಬರೆದು ಖಾಲಿಯಾಗು.”