ಬರ್ತೀವಿ ಬಂಡೆ

ಹೊಳೆಮಾದೂರಿನ ದಂಡೆಯಲ್ಲಿ ನಿಂತು ನೋಡಿದರೆ ತುಂಗಭದ್ರೆಯ ನಟ್ಟನಡುವೆ ಒಂದು ಕರಿಬಂಡೆ ಕಾಣುತ್ತದೆ. ಒಬ್ಬ ಮನುಷ್ಯ ಕೂರುವಷ್ಟು ಜಾಗ. ಇಬ್ಬರಾದರೆ ಒಬ್ಬ ನಿಂತೇ ಇರಬೇಕು. ಬೇಸಿಗೆಯಲ್ಲಿ ನೀರುಕಾಗೆಗಳು ಅಲ್ಲಿ ರೆಕ್ಕೆ ಒಣಗಿಸಿಕೊಳ್ಳುತ್ತವೆ. ಅದರ ಹೆಸರು ಬರ್ತೀವಿ ಬಂಡೆ. ಇದೆಂಥ ಹೆಸರು ಎಂದು ಪರಸ್ಥಳದವರು ಕೇಳಿದರೆ ನಮ್ಮೂರ ಹಿರಿಯರಿಗೆ ಥಟ್ಟನೆ ಕೆಮ್ಮು ಬರುತ್ತದೆ. ಕೆಮ್ಮು ನಿಂತ ಮೇಲೆ ಹೇಳುವುದು ಇಷ್ಟು.

ಹಿಂದೆ ಒಮ್ಮೆ, ದ್ಯಾವನಗೌಡನ ಕಾಲದಲ್ಲಿ, ಊರಿನವರು ವೀರಭದ್ರನ ಗುಡಿ ಕಟ್ಟಿಸಿದರು. ಆಚೆ ದಂಡೆಯ ಶಿಲ್ಪಿ ಮೋನಪ್ಪಾಚಾರಿ ಮೂರ್ತಿ ಕಡೆದ. ಪ್ರತಿಷ್ಠೆಗೆ ಎರಡು ದಿನವಿರುವಾಗ ಮೂರ್ತಿ, ಆಚಾರಿ, ಗೌಡ, ನಾಲ್ವರು ಹಿರಿಯರು, ಊಟದ ಅಕ್ಕಿಮೂಟೆಗಳು ಎಲ್ಲವೂ ಆಚೆ ದಂಡೆಯಿಂದ ಒಂದೇ ಹರಿಗೋಲಿನಲ್ಲಿ ಹೊರಟವು ಎನ್ನುತ್ತಾರೆ. ನಡುಹೊಳೆಯಲ್ಲಿ ಬಿರುಗಾಳಿ ಎದ್ದಿತು. ಹರಿಗೋಲು ಬುಗುರಿಯಂತೆ ತಿರುಗಿ ಈ ಬಂಡೆಗೆ ತಾಗಿತು. "ಭಾರ ಇಳಸ್ರೀ ಗೌಡ್ರ! ಇಲ್ಲಾಂದ್ರ ದೇವ್ರ ಸಮೇತ ಮುಳಗ್ತೀವಿ" ಎಂದು ಅಂಬಿಗ ಹುಲಿಗೆಪ್ಪ ಕೂಗಿದ. ಹಿರಿಯರು ಯೋಚಿಸಿದರು. ದೇವರನ್ನು ಇಳಿಸುವಂತಿಲ್ಲ. ಅಕ್ಕಿ ಇಳಿಸಿದರೆ ನೆನೆಯುತ್ತದೆ. ಗೌಡನನ್ನು ಇಳಿಸುವ ವಿಚಾರ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಎಲ್ಲರೂ ಆಚಾರಿಯತ್ತ ನೋಡಿದರು. "ಚೂರು ಇಲ್ಲೇ ಕುಂದ್ರೋ ಆಚಾರಿ. ಗಾಳಿ ನಿಂತ ಕೂಡ್ಲೇ ಬರ್ತೀವಿ" ಎಂದ ಗೌಡ. ಮೋನಪ್ಪ ಉಳಿಯ ಚೀಲ ಹೆಗಲಿಗೇರಿಸಿ ಇಳಿದ.

ಗಾಳಿ ಅಂದೇ ಸಂಜೆ ನಿಂತಿತು. "ಹೋಗಿ ಕರಕೊಂಡು ಬರ್ಲೇನ್ರಿ?" ಎಂದು ಹುಲಿಗೆಪ್ಪ ಕೇಳಿದ. ಇದ್ದದ್ದು ಒಂದೇ ಹರಿಗೋಲು. ಪ್ರತಿಷ್ಠೆಗೆ ಬರುವ ಬೀಗರನ್ನು ಕೆಳಗಿನ ದೋಣಿಕಡವಿನಿಂದ ಕರೆತರಬೇಕಿತ್ತು. "ನಾಳಿ ನೋಡೂಣಂತ" ಎಂದರು. ಮರುದಿನ ಮತ್ತಷ್ಟು ಬೀಗರಿದ್ದರು. ಬಂಡೆಯ ಮೇಲಿಂದ ಮೋನಪ್ಪ ಕೈ ಬೀಸಿದ. ದಂಡೆಯಲ್ಲಿದ್ದ ಬೀಗರೂ ಸೌಜನ್ಯಕ್ಕೆ ಕೈ ಬೀಸಿದರು.

ಮೂರನೆಯ ದಿನ ಮುಹೂರ್ತ ಹತ್ತಿರವಾದಾಗ ಪೂಜೆಯ ಅಯ್ಯನವರು, "ಆಚಾರಿ ಎಲ್ಲಿ? ಮೂರ್ತಿಯ ಕಣ್ಣು ತೆರೆಯೋರು ಯಾರು?" ಎಂದು ಕೇಳಿದರು. ಕಡೆದವನೇ ಕೊನೆಯಲ್ಲಿ ಉಳಿ ಹಿಡಿದು ಕಣ್ಣು ಬಿಡಿಸಬೇಕು. ಅಲ್ಲಿಯವರೆಗೆ ಅದು ಬರಿಯ ಕಲ್ಲು. ಮೂರು ದಿನ ಯಾರಿಗೂ ನೆನಪಾಗದ ಮನುಷ್ಯ ಆಗ ಎಲ್ಲರಿಗೂ ಒಟ್ಟಿಗೇ ನೆನಪಾದ. ಊರಿಗೆ ಊರೇ ಹೊಳೆಗೆ ಓಡಿತು.

ಮೋನಪ್ಪ ಬದುಕಿದ್ದ. ತುಟಿಗಳು ಒಡೆದಿದ್ದವು. ಹುಲಿಗೆಪ್ಪನ ಹರಿಗೋಲಿನಿಂದ ಇಳಿದು ನೇರ ಗುಡಿಗೆ ಬಂದು ಉಳಿ ತೆಗೆದ. "ಕಣ್ಣು ತೆರೆದ ಕೂಡ್ಲೇ ಸ್ವಾಮಿ ಮೊದಲು ನೋಡೋದು ಎದುರಿಗೆ ನಿಂತವರನ್ನ. ನೀವು ನಿಂದ್ರತೀರೇನ್ರಿ, ಗೌಡ್ರ?" ಎಂದ. ಗೌಡ ಪಕ್ಕಕ್ಕೆ ಸರಿದ. ಹಿರಿಯರು ಸರಿದರು. ಬರಿಯ ಕೈ ಬೀಸಿದ್ದ ಬೀಗರೂ ಸರಿದರು. ಬಾಗಿಲವರೆಗೆ ದಾರಿ ತೆರವಾಯಿತು. ಮೋನಪ್ಪ ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಆ ದಾರಿಯಲ್ಲೇ ಹೊರನಡೆದ ಎನ್ನುತ್ತಾರೆ. ಹುಲಿಗೆಪ್ಪ ಅವನೊಬ್ಬನನ್ನೇ ಕೂರಿಸಿಕೊಂಡು ಆಚೆ ದಂಡೆ ಮುಟ್ಟಿಸಿದ.

ಗುಡಿ ಈಗಲೂ ಇದೆ. ವೀರಭದ್ರನ ಕತ್ತಿ, ಗುರಾಣಿ, ಮೀಸೆ ಎಲ್ಲವೂ ಒಪ್ಪವಾಗಿವೆ. ಹುಬ್ಬಿನ ಕೆಳಗೆ ಮಾತ್ರ ನುಣುಪು ಕಲ್ಲು. ಬೇರೆಡೆ ಉರಿಗಣ್ಣು ಬಿಟ್ಟು ನಿಲ್ಲುವ ದೇವರು ಇಲ್ಲೇಕೆ ಹೀಗೆ ಎಂದು ಬಂದವರು ಕೇಳುತ್ತಾರೆ. "ಧ್ಯಾನದಲ್ಲಿದ್ದಾನೆ" ಎನ್ನುತ್ತಾರೆ ಅರ್ಚಕರು. ಬಂದವರು ಎದುರಿಗೆ ನಿಂತು ಕೈಮುಗಿಯುತ್ತಾರೆ. ನಾವು ಊರಿನವರು ಇಂದಿಗೂ ಪಕ್ಕದ ಕಂಬದ ಮರೆಯಿಂದಲೇ ಮುಗಿಯುತ್ತೇವೆ.